ಕಾಕಾನ ದೋಣಿಯ ಬರ್ಫಿನ ಮಷೀನು

ನಮ್ಮ ಮನೆಯ ಫ್ರಿಜ್ಜಿಗೆ ಒಂದು ಅಂಗಿಯಿದೆ. ಗುಲಾಬಿ ಹೂವಿನ ಬಟ್ಟೆ, ಅಂಚಿಗೆ ನನ್ನದೇ ಕೈಯ ಕಸೂತಿ, ತಲೆಯ ಮೇಲೊಂದು ಜರತಾರಿ ಟೊಪ್ಪಿಗೆ, ಇಷ್ಟೂ ಸಾಲದೆಂಬಂತೆ ಹಿಡಿಕೆಗೊಂದು ಪುಟ್ಟ ಕುಲಾಯಿ. ಸುರಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ, ಅಲಂಕಾರಗಳನ್ನು ಕಲಿಸುವ ಚಟ ನನ್ನನ್ನು ಬಿಟ್ಟರೂ ಅಲಂಕರಿಸುವ ಚಟ ಬಿಡಲಿಲ್ಲ. ಟೀವಿ, ಮಿಕ್ಸರು, ಹೊಲಿಗೆ ಯಂತ್ರ, ಗ್ಯಾಸಿನ ಸಿಲಿಂಡರು, ಹೀಗೆ ಅಚೇತನವೆಂದು ಕಂಡದ್ದಕ್ಕೆಲ್ಲ ಅಂಗಿ ತೊಡಿಸಿದೆ. ಈಗ ಮನೆಯಲ್ಲಿ ಅಂಗಿಯಿಲ್ಲದೆ ಓಡಾಡುವವರೆಂದರೆ ನಮ್ಮ ಯಜಮಾನರೊಬ್ಬರೇ, ಅದೂ ಬೇಸಿಗೆಯಲ್ಲಿ.

ಮೊನ್ನೆ ನಡುಬೇಸಿಗೆಯಲ್ಲಿ ಈ ಸಾಲಂಕೃತ ಫ್ರಿಜ್ಜು ಬರ್ಫು ಕೊಡುವುದನ್ನು ನಿಲ್ಲಿಸಿತು. ತಟ್ಟೆಯಲ್ಲಿಟ್ಟ ನೀರು ಕಾಯಂ ಆಗದ ನೌಕರನ ಹಾಗೆ ಗಟ್ಟಿಯಾಗಲೂ ಒಲ್ಲದೆ, ಬಿಟ್ಟುಹೋಗಲೂ ಒಲ್ಲದೆ ಸುಮ್ಮನೆ ಕುಳಿತಿತ್ತು. ಸುರಪುರದ ಬೇಸಿಗೆಯನ್ನು ಬಲ್ಲವರಿಗೆ ನನ್ನ ಸಂಕಟ ತಿಳಿದೀತು. ಇಲ್ಲಿ ಗುಡ್ಡದ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯ ಮೇಲೆ ನಮ್ಮ ಮುಖದ ಮೇಲೆಯೇ ಊದುತ್ತದೆ. ಮಜ್ಜಿಗೆಗೆ ಬರ್ಫಿಲ್ಲವೆಂದು ಯಜಮಾನರು ಮೂರನೆಯ ಸಲ ನಿಟ್ಟುಸಿರು ಬಿಟ್ಟಾಗ ನನಗೂ ಸಿಟ್ಟು ಬಂದು, ಏನಾಗಿದೆ ಇದಕ್ಕೆ ಎಂದು ಫ್ರಿಜ್ಜಿನ ಹಿಂದೆ, ಗೋಡೆಗೂ ಅದಕ್ಕೂ ನಡುವೆ, ಅಂಗಿಯೊಳಗೆ ಕೈ ತೂರಿಸಿದೆ. ಅಬ್ಬಾ! ಕಾದ ಹಂಚು ಮುಟ್ಟಿದಂತಾಯಿತು. ಕೈ ಹಿಂದೆ ತೆಗೆದುಕೊಂಡೆ, ಬೆರಳು ಬಾಯಿಗಿಟ್ಟುಕೊಂಡೆ, ಹಾಗೇ ನಿಂತುಬಿಟ್ಟೆ. ಕಾಕಾ ನೆನಪಾಗಿದ್ದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಭೀಮಪ್ಪ. ಅಪ್ಪ ಮಾಸ್ತರಿಕೆ ಹಿಡಿದು ಊರು ಬಿಟ್ಟರೆ ಕಾಕಾ ಕೃಷ್ಣೆಯ ದಂಡೆಯಲ್ಲೇ ಉಳಿದು ಹಿರಿಯರ ದೋಣಿ ಹಿಡಿದ. ಈ ದಂಡೆಯ ಮಂದಿಯನ್ನು ಆ ದಂಡೆಗೆ ಮುಟ್ಟಿಸುವುದು ಅವನ ಕಾಯಕ. ಸಂತೆಗೆ ಹೋಗುವವರು, ಬೀಗರ ಮನೆಗೆ ಹೋಗುವವರು, ಕುರಿ, ಕೋಳಿ, ಒಮ್ಮೊಮ್ಮೆ ಸಿಟ್ಟು ಮಾಡಿಕೊಂಡು ತವರಿಗೆ ಹೊರಟ ಹೆಣ್ಣುಮಕ್ಕಳು. ಇಂಥವರನ್ನು ಮಾತ್ರ ಆತ ನಡುನೀರಿನಲ್ಲಿ ಬೇಕೆಂದೇ ನಿಧಾನ ಮಾಡುತ್ತಿದ್ದ, ಸಿಟ್ಟಿಳಿದರೆ ತಿರುಗಿಸಬಹುದೆಂದು. ಮುಂದೆ ನಾರಾಯಣಪುರದಲ್ಲಿ ಆಣೆಕಟ್ಟು ಎದ್ದಿತು, ಕಾಲುವೆ ಹರಿಯಿತು, ಹೊಳೆ ನಮ್ಮೂರ ಮುಂದೆ ಸಮುದ್ರದಂತೆ ಹರಡಿ ಹಳೆಯ ಪಾವಟಿಗೆಗಳನ್ನೆಲ್ಲ ನುಂಗಿತು. ಕಾಕಾನಿಗೆ ನೀರು ಹೆಚ್ಚಾಯಿತು, ಹತ್ತುವವರು ಕಡಿಮೆಯಾದರು. ಜನ ಬಸ್ಸು ಹಿಡಿದು ಸುತ್ತುಹಾಕಿ ಹೋಗತೊಡಗಿದರು. ಆತ ಬಲೆ ಹಿಡಿದು ಮೀನಿಗೆ ಇಳಿದ.

ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಏನೇನು ಬಂತೆಂದು ದೊಡ್ಡವರು ದೊಡ್ಡದಾಗಿ ಬರೆಯುತ್ತಾರೆ. ನನ್ನ ಪಾಲಿಗೆ ಬಂದದ್ದು ಹೊಟ್ಟು. ನಗಬೇಡಿ, ಹೇಳುತ್ತೇನೆ. ಜೋಳ, ತೊಗರಿ ಬೆಳೆಯುತ್ತಿದ್ದ ಕರಿನೆಲದಲ್ಲಿ ನೆಲ್ಲು ನಾಟಿದರು; ನೆಲ್ಲು ಬಂತೆಂದು ಹುಣಸಗಿಯ ಕಡೆ ಅಕ್ಕಿ ಗಿರಣಿಗಳು ಬಂದವು; ಗಿರಣಿಗಳ ಹಿಂದೆ ನೆಲ್ಲಿನ ಹೊಟ್ಟಿನ ಬಂಗಾರದ ಬಣ್ಣದ ದಿನ್ನೆಗಳೆದ್ದವು. ಅದನ್ನು ಯಾರೂ ಕೇಳುವವರಿರಲಿಲ್ಲ, ನಮ್ಮ ಕಾಕಾನ ಹೊರತು.

ಯಾಕೆಂದರೆ ಆ ಕಾಲದಲ್ಲಿ ನಮ್ಮ ಕಡೆ ಮದುವೆಗೆ ಬರ್ಫು ತರುವುದೆಂದರೆ ಯಾದಗಿರಿಗೇ ಹೋಗಬೇಕು. ನನ್ನ ಅಕ್ಕನ ಮದುವೆ ಕಾಲುವೆಗಿಂತ ಮೊದಲಿನದು. ಕಾಕಾ ಎಮ್ಮೆಕರುವಿನಷ್ಟು ದೊಡ್ಡ ಬರ್ಫಿನ ಗಡ್ಡೆಯನ್ನು ಬರಿಯ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಹೊರಟ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಾಣುವ ಹೊತ್ತಿಗೆ ಮೇಲಿಂದ ಹನಿ ಶುರುವಾಗಿ, ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಅಮೀನಸಾಹೇಬರು ಶುಭ್ರ ಆಕಾಶದಿಂದ ಮಳೆ ಹೇಗೆಂದು ತಲೆ ಹೊರಗೆ ಹಾಕಿ, ಪೂರ್ತಿ ತೊಯ್ದು, ಬೈಗುಳದ ಉರ್ದುವನ್ನೆಲ್ಲ ಖರ್ಚು ಮಾಡಿದರಂತೆ. ಎಮ್ಮೆಕರು ಊರು ಮುಟ್ಟುವಾಗ ತೆಂಗಿನಕಾಯಿಯಾಗಿತ್ತು. ಬೀಗರಿಗೆ ಶರಬತ್ತು ಉಗುರುಬೆಚ್ಚಗೆ ಸಿಕ್ಕಿತು, ಮಾತು ಮಾತ್ರ ಬಿಸಿಬಿಸಿ. ನನ್ನ ಮದುವೆ ಕಾಲುವೆಯ ನಂತರದ್ದು. ಕಾಕಾ ಈ ಸಲ ಹೊಟ್ಟು ತುಂಬಿದ ಚೀಲಗಳ ನಡುವೆ ಬರ್ಫನ್ನು ಹೂತು, ಸಂದುಗೊಂದಿಗೆಲ್ಲ ಹೊಟ್ಟು ಗಿಡಿದು, ಮೇಲೆ ಕಂಬಳಿ ಬಿಗಿದು ತಂದ. ಚೀಲ ಬಿಚ್ಚಿದರೆ ಗಡ್ಡೆ ಯಾದಗಿರಿಯಲ್ಲಿ ಹೇಗಿತ್ತೋ ಹಾಗೇ ಇದೆ, ಮೈಯಿಂದ ಹಬೆ ಬಿಡುತ್ತ! ಮದುಮಗಳಾಗಿ ತಲೆ ತಗ್ಗಿಸಿ ಕೂರಬೇಕಾದ ನಾನು ಎದ್ದು ಹೋಗಿ ಅದನ್ನು ಮುಟ್ಟಿ ನೋಡಿದೆ. ಇಂದಿಗೂ ನನ್ನ ಮದುವೆಯ ಸುದ್ದಿ ಬಂದರೆ ಊರವರಿಗೆ ನೆನಪಾಗುವುದು ವರನಲ್ಲ, ಬರ್ಫು. ಅಂದಿನಿಂದ ಕಾಕಾನಿಗೆ ಹೊಟ್ಟಿನ ಮೇಲೆ ಅಚಲವಾದ ಭಕ್ತಿ ಹುಟ್ಟಿತು.

ಕಾಕಾನಿಗೆ ಒಬ್ಬಳೇ ಮಗಳು, ನಿಂಗವ್ವ, ನನಗಿಂತ ಸಣ್ಣವಳು. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಕಾಕಾ ತಾನೇ ದೋಣಿ ಕಟ್ಟಿಕೊಂಡು ಹೋಗಿ ಮಗಳನ್ನು ಕರೆತಂದ. ಆ ದಿನ ಮಾತ್ರ ನಡುನೀರಿನಲ್ಲಿ ನಿಧಾನ ಮಾಡಲಿಲ್ಲವೆಂದು ನೋಡಿದವರು ಹೇಳುತ್ತಾರೆ. ತಂದ ಮೇಲೆ ಆಕೆಯನ್ನು ಹೊಸ್ತಿಲು ದಾಟಗೊಡಲಿಲ್ಲ. ನೀರಿಗೆ ತಾನೇ ಹೋಗುವ, ಬಾವಿಗೆ ತಾನೇ ಹೋಗುವ, ಯಾರಾದರೂ ಮನೆಗೆ ಬಂದರೆ ಬಾಗಿಲಿಗೆ ತಾನೇ ಅಡ್ಡ ಕೂರುವ. ಮಗಳಿಗೆ ಒಂದು ಮಾತು ತಾಕಬಾರದು, ಒಂದು ಕಣ್ಣು ತಾಕಬಾರದು. ಪ್ರೀತಿ ಅಂದರೆ ಅಷ್ಟು ಪ್ರೀತಿ. ಬೇಸಿಗೆ ರಜೆಯಲ್ಲಿ ನಾನು ಹೋದಾಗ ನಿಂಗವ್ವ ಒಳಗಿನ ಕೋಣೆಯಲ್ಲಿ ಬಲೆಯ ಹರಕು ಹೊಲಿಯುತ್ತ ಕುಳಿತಿರುತ್ತಿದ್ದಳು. ಮಾತು ಕಡಿಮೆ, ಊಟ ಅದಕ್ಕಿಂತ ಕಡಿಮೆ. ಒಂದು ದಿನ ಮುಖವೆತ್ತದೆ ಅಂದಳು: "ಅಕ್ಕಾ, ನಾ ಸತ್ತಿಲ್ಲ. ಸತ್ತಾಂವ ಅಂವ. ಅಪ್ಪಗ ಯಾರರ ಹೇಳ್ರಿ."

ಆಕೆಗೆ ಬೇಕಾಗಿದ್ದದ್ದು ದೋಣಿ. ಚಿಕ್ಕಂದಿನಿಂದ ಅಪ್ಪನ ಜೊತೆ ಹುಟ್ಟು ಹಾಕಿದವಳು. ಗಾಳಿ ತಿರುಗುವುದನ್ನು ಮೂಗಿನಿಂದ ತಿಳಿಯುವವಳು. ಕಾಕಾನ ಮೊಣಕಾಲು ಆಗಲೇ ಸೋತಿದ್ದವು. ಹುಣಸಗಿಯ ಸುತ್ತ ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ಕಡೆಯವರು ಮೀನೆಂದರೆ ಪ್ರಾಣ ಬಿಡುವವರು, ಆದರೆ ಕಿವಿರು ಎತ್ತಿ ಕೆಂಪು ನೋಡದೆ ಕೊಳ್ಳುವವರಲ್ಲ. ಬಿಸಿಲಲ್ಲಿ ಹಿನ್ನೀರಿನ ಆಚೆ ಮೂಲೆಯಿಂದ ದಂಡೆ ಮುಟ್ಟುವುದರೊಳಗೇ ಮೀನು ಕಣ್ಣು ಮಬ್ಬು ಮಾಡಿಕೊಳ್ಳುತ್ತಿತ್ತು. ಬರ್ಫು ದಂಡೆಯಲ್ಲಿದ್ದರೆ ಸಾಲದು, ದೋಣಿಯಲ್ಲೇ ಹುಟ್ಟಬೇಕು ಎಂದು ಲೆಕ್ಕ ಹಾಕಿದವಳು ನಿಂಗವ್ವ. ಬರ್ಫಿನ ಮಷೀನು ಕೊಳ್ಳಲೆಂದು ತನ್ನ ಕೈಯ ಬಂಗಾರದ ಪಾಟ್ಲಿ ಬಿಚ್ಚಿ ಅಪ್ಪನ ಮುಂದಿಟ್ಟಳು. ಕಾಕಾ ಬಹಳ ಹೊತ್ತು ಬೀಡಿ ಸೇದಿ, ಕೊನೆಗೆ ಕರಾರು ಹಾಕಿದ: "ಆತು. ಮಷೀನು ಬರ್ಫ್ ಕೊಟ್ಟರ ದೋಣಿ ನಿಂದು, ಸಂತಿನೂ ನಿಂದು. ಕೊಡಲಿಲ್ಲಂದ್ರ ದೋಣಿ ಮಾರಿಬಿಡ್ತೀನಿ, ನೀ ಸುಮ್ಮ ಮನ್ಯಾಗ ಕುಂದ್ರಬೇಕು. ಮತ್ತ ಈ ಮಾತು ತೆಗಿಬಾರದು." ಕೊಡುವುದಿಲ್ಲವೆಂದೇ ಅವನ ನಂಬಿಕೆ. ನಿಂಗವ್ವ ಹೂಂ ಅಂದಳು.

ಮಷೀನು ಆರಿಸಲು ಯಾದಗಿರಿಗೆ ನಾವು ಮೂವರೂ ಹೋದೆವು. ಸ್ಟೇಷನ್ನಿನ ಹತ್ತಿರ ಹಳೆಯ ಸಾಮಾನಿನ ಅಂಗಡಿಯ ಖಾಸೀಮಸಾಬ, ಹೈದರಾಬಾದಿನ ಮುಚ್ಚಿದ ಹೋಟೆಲುಗಳ ಮಾಲನ್ನು ರೈಲಿನಲ್ಲಿ ತರಿಸಿ ಮಾರುವವ, ನಮ್ಮ ಮುಂದೆ ಎರಡು ಯಂತ್ರ ನಿಲ್ಲಿಸಿದ. ಒಂದು ಬೆಳ್ಳಿಯಂತೆ ಹೊಳೆಯುವುದು. ಸ್ಫಟಿಕದ ಹಾಗೆ ಪಾರದರ್ಶಕವಾದ ಚೌಕ ಬರ್ಫು ಕೊಡುತ್ತದೆ. ಇನ್ನೊಂದು ಗಿಡ್ಡ, ಬಣ್ಣ ಹೋದದ್ದು, ಮೂಲೆಗೆ ತುಕ್ಕು. ಚಕ್ಕೆಚಕ್ಕೆಯಾಗಿ ಪುಡಿ ಬರ್ಫು ಉದುರಿಸುತ್ತದೆ. "ನವಾಬರ ಖಾನದಾನಿನವರು ಇದರ ಬರ್ಫ್ ಹಾಕ್ಕೊಂಡು ಶರಬತ್ ಕುಡಿದಾರ್ರಿ," ಎಂದು ಖಾಸೀಮಸಾಬ ಹೊಳೆಯುವುದರ ಬೆನ್ನು ತಟ್ಟಿದ. ಕಾಕಾ ಸೋತುಹೋದ. ನಾನಂತೂ ಮೊದಲೇ ಸೋತಿದ್ದೆ. ಹೊಳೆಯುವುದಕ್ಕೆಲ್ಲ ಒಂದು ಉಪಮೆ ಹುಡುಕುವುದು ನನ್ನ ವೃತ್ತಿಧರ್ಮವಲ್ಲವೆ? ನಿಂಗವ್ವ ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿ ಎರಡನ್ನೂ ಸುತ್ತಿ ಬಂದಳು. ಚೌಕದ ಯಂತ್ರದೊಳಗೆ ನೀರು ತುಂಬಿದ ತಟ್ಟೆಯಿದೆ, ದೋಣಿ ಹೊಯ್ದಾಡಿದರೆ ಚೆಲ್ಲುತ್ತದೆ; ಚೌಕಗಳ ಅಂಚು ಮೀನಿನ ಮೈಗೆ ಒತ್ತಿ ಗಾಯ ಮಾಡುತ್ತದೆ. "ಮೀನಿಗಿ ಹಾಸಿಗಿ ಬೇಕ್ರಿ ಸಾವಕಾರ್ರ, ಕಲ್ಲಲ್ಲ," ಎಂದು ಗಿಡ್ಡದರ ಮೇಲೆ ಕೈಯಿಟ್ಟಳು. ಬಹಳ ದಿನಗಳ ಮೇಲೆ ಆಕೆಯ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು. ಕಾಕಾ ಬೆಚ್ಚಿ ತಿರುಗಿ ನೋಡಿದ.

ದೋಣಿಯಲ್ಲಿ ಆ ಗಿಡ್ಡ ಯಂತ್ರವನ್ನು ಕೂರಿಸಿದ್ದೇ ಒಂದು ಪಟ್ಟಾಭಿಷೇಕ. ಕಾಲಿಗೆ ಹಳೆಯ ಟೈರು ಕೊಯ್ದು ಇಟ್ಟರು, ನಡುವಿಗೆ ಹಗ್ಗ ಬಿಗಿದರು. ಪಂಪಸೆಟ್ಟಿನ ಡೀಸೆಲ್ ಎಂಜಿನ್ನು ದೋಣಿಯನ್ನೂ ನೂಕುತ್ತಿತ್ತು, ಬೆಲ್ಟು ಹಾಕಿದರೆ ಕರೆಂಟನ್ನೂ ಕೊಡುತ್ತಿತ್ತು. ವಿಭೂತಿ ಬಳಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಮೊದಲ ಚಕ್ಕೆಗಳು ಉದುರಿದಾಗ ದಂಡೆಯ ಮೇಲಿನ ಮಂದಿ ಹೋ ಎಂದು ಕೂಗಿದರು. ನಿಂಗವ್ವ ಒಂದು ಹಿಡಿ ತೆಗೆದು ಕಣ್ಣಿಗೊತ್ತಿಕೊಂಡಳು.

ಆಗ ಕಾಕಾನಿಗೆ ಭಕ್ತಿ ಉಕ್ಕಿತು. ಮಗಳ ಪಾಟ್ಲಿ ಕರಗಿ ಬಂದ ಯಂತ್ರ, ಬಿಸಿಲಿಗೆ ಬಿಡಲಾದೀತೆ? ಗಿರಣಿಯಿಂದ ಚೀಲಗಟ್ಟಲೆ ಹೊಟ್ಟು ತರಿಸಿ ಯಂತ್ರದ ಸುತ್ತ ಹಲಗೆಯ ಗೂಡು ಕಟ್ಟಿ, ಸಂದುಗೊಂದಿಗೆಲ್ಲ ಹೊಟ್ಟು ಗಿಡಿದ. ಬೆನ್ನಿಗೊಂದು ಚೀಲ, ಎರಡೂ ಮಗ್ಗುಲಿಗೆ ಚೀಲ, ತಲೆಯ ಮೇಲೆ ನನ್ನ ಮದುವೆಯ ಅದೇ ಕಂಬಳಿ. ಇಷ್ಟು ಮಾಡಿ, "ಇನ್ನ ನೋಡ್ರಿ ಬರ್ಫ್," ಎಂದು ನಮ್ಮತ್ತ ತಿರುಗಿ ಮೀಸೆ ತೀಡಿದ. ನಾವೆಲ್ಲ ಹೌದೆಂದು ತಲೆದೂಗಿದೆವು. ಬರ್ಫಿಗೆ ಹೊಟ್ಟು ಎಂಬುದು ನಮ್ಮ ಊರಿನಲ್ಲಿ ಎರಡನೆಯ ಮಾತಿಲ್ಲದ ಸತ್ಯವಾಗಿತ್ತು.

ಮರುದಿನ ಚಕ್ಕೆ ತೆಳುವಾದವು. ಅದರ ಮರುದಿನ ಒದ್ದೆಯಾದವು. ಆಮೇಲೆ ಯಂತ್ರ ಮುದುಕನ ಹಾಗೆ ನರಳುತ್ತ ಬರಿಯ ನೀರು ಸುರಿಸಿ, ನಡುನೀರಿನಲ್ಲಿ ಧಡಕ್ಕೆಂದು ನಿಲ್ಲತೊಡಗಿತು. ಕಾಕಾ ಹೊಟ್ಟು ಕಡಿಮೆಯಾಯಿತೆಂದು ಇನ್ನಷ್ಟು ತುಂಬಿದ. ಅದು ಇನ್ನೂ ಬೇಗ ನಿಂತಿತು. ಇನ್ನಷ್ಟು ತುಂಬಿದ. ಖಾಸೀಮಸಾಬನಿಗೆ ಹೇಳಿಕಳಿಸಿದರೆ ಆತ ಅಲ್ಲಿಂದಲೇ, ಹೈದರಾಬಾದಿನ ನೀರು ಕುಡಿದ ಮಷೀನಿಗೆ ನಿಮ್ಮ ಕೃಷ್ಣಾ ನೀರು ಒಗ್ಗಿಲ್ಲ ಎಂದು ತೀರ್ಪು ಕೊಟ್ಟ. ನೀರಿಗೆ ಪಟಿಕ ಹಾಕಿ ತಿಳಿ ಮಾಡಿ, ಕಾಕಾನ ಧೋತರದಲ್ಲಿ ಸೋಸಿ ಕೊಟ್ಟೆವು. ಊಹೂಂ. ದೋಣಿ ಕೊಳ್ಳಲು ಆಚೆ ದಂಡೆಯವನೊಬ್ಬ ಬಂದು ಹಲಗೆ ತಟ್ಟಿ ನೋಡಿ ಹೋದ. ಶನಿವಾರ ಬಂದು ಒಯ್ಯುತ್ತೇನೆ ಎಂದ. ನಿಂಗವ್ವ ಆ ದಿನ ಊಟ ಮಾಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೊನೆಯ ಸಲವೆಂದು ದೋಣಿಯಲ್ಲಿ ಮೂವರೂ ಹೋದೆವು. ಎಂಜಿನ್ನು ನಡೆದಿತ್ತು, ಯಂತ್ರ ನರಳುತ್ತಿತ್ತು. ನಿಂಗವ್ವ ಸುಮ್ಮನೆ ಹೋಗಿ, ಕಾಯಿಲೆಯ ಮಗುವಿನ ಪಕ್ಕ ಕೂರುವ ಹಾಗೆ, ಹೊಟ್ಟಿನ ಚೀಲಕ್ಕೆ ಒರಗಿ ಕೂತಳು. ಕೂತವಳು ಥಟ್ಟನೆ ಎದ್ದಳು. ಚೀಲ ಸರಿಸಿ ಯಂತ್ರದ ಬೆನ್ನಿಗೆ ಅಂಗೈ ಹಚ್ಚಿ ನೋಡಿದಳು. ಆಮೇಲೆ ಕೂಗಿದಳು, ಆ ಕೂಗು ಎರಡೂ ದಂಡೆಗೆ ಕೇಳಿಸಿರಬೇಕು: "ಯಪ್ಪಾ! ಇದಕ್ಕ ಜ್ವರ ಬಂದಾವೋ! ಉರಿ ಹೊರಗ ಹಾಕ್ಲಿಕ್ಕ ದಾರಿನ ಇಲ್ಲ ಇದಕ್ಕ! ನೀ ಉಸಿರು ಕಟ್ಟಿಸಿ ಕುಂಡ್ರಿಸಿದಿ!"

ಮೀನು ಕೊಯ್ಯುವ ಚೂರಿಯಿಂದ ಚೀಲಗಳ ಹೊಟ್ಟೆ ಸೀಳಿದಳು. ಕಾಕಾ, "ಏ, ಏ, ಹುಚ್ಚಿ, ಬಿಡು!" ಎಂದು ಎದ್ದು ಬರಲು ಹೋಗಿ ಮೊಣಕಾಲು ಹಿಡಿದುಕೊಂಡು ಕೂತ. ಗಾಳಿಗೆ ಹೊಟ್ಟು ಹಾರಿತು. ದೋಣಿ ತುಂಬ, ನಮ್ಮ ತಲೆ ತುಂಬ, ಹಿನ್ನೀರಿನ ಮೇಲೆ ಕಣ್ಣು ಹಾಯುವಷ್ಟು ದೂರ ಬಂಗಾರದ ಹೊಟ್ಟು. ಹಲಗೆ ಕಿತ್ತು ಬಿಸಾಡಿದಳು, ಕಂಬಳಿ ಎಳೆದಳು. ಯಂತ್ರದ ಬೆನ್ನಿನಿಂದ ಒಲೆಯ ಬಾಯಿಯ ಹಾಗೆ ಬಿಸಿಗಾಳಿ ಹೊರಬಂತು. ಬರ್ಫನ್ನು ಕರಗದಂತೆ ಕಾಯುವುದಕ್ಕೆ ಸುತ್ತಬೇಕು, ಬರ್ಫು ಮಾಡುವುದನ್ನು ಬಿಚ್ಚಿಡಬೇಕು. ತಂಪು ಮಾಡುವವರು ತಮ್ಮೊಳಗಿನ ಉರಿಯನ್ನು ಎಲ್ಲಾದರೂ ಹೊರಗೆ ಹಾಕಲೇಬೇಕಲ್ಲ. ಇದು ನನಗೆ ಆಗ ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ನಾನು ಬಾಯೊಳಗಿನ ಹೊಟ್ಟು ಉಗುಳುವುದರಲ್ಲಿದ್ದೆ.

ದಂಡೆ ಕಾಣುವ ಹೊತ್ತಿಗೆ ಮೊದಲ ಚಕ್ಕೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಬುಟ್ಟಿಗೆ ಸರಸರನೆ, ಒಣಗಿ, ಬೆಳ್ಳಗೆ. ಕಾಕಾ ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಕರಗುವ ತನಕ ನೋಡುತ್ತ ಕೂತಿದ್ದ. ನಂತರ ಮಗಳ ತಲೆಯ ಮೇಲಿನ ಹೊಟ್ಟನ್ನು ಒಂದೊಂದೇ ಹೆಕ್ಕುತ್ತ ಗಳಗಳನೆ ಅತ್ತುಬಿಟ್ಟ. "ನಿಂಗವ್ವಾ, ನಿನ್ನೂ ಹಿಂಗ ಕಟ್ಟಿ ಕುಂಡ್ರಿಸಿದ್ನಲ್ಲಬೇ," ಎಂದ. ನಿಂಗವ್ವ ಮೂಗೊರೆಸಿಕೊಂಡು ಚುಕ್ಕಾಣಿಯ ಹತ್ತಿರ ಹೋಗಿ ಕೂತಳು. ಶನಿವಾರ ದೋಣಿ ಒಯ್ಯಲು ಬಂದವನಿಗೆ ಕಾಟ್ಲಾ ಮೀನಿನ ಸಾರು ಉಣಿಸಿ ಕಳಿಸಿದರು.

ಆಮೇಲಿನ ವರ್ಷಗಳಲ್ಲಿ ಹುಣಸಗಿಯ ಸಂತೆಯಲ್ಲಿ ನಿಂಗವ್ವನ ಮೀನು ಬರುವ ತನಕ ಕ್ಯಾಂಪಿನವರು ಕಾಯುತ್ತಿದ್ದರು. ಕಿವಿರು ಎತ್ತಿ ನೋಡುವುದನ್ನೂ ಬಿಟ್ಟರು. ಯಂತ್ರದ ಚಾಕರಿ ಮಾತ್ರ ಕಾಕಾ ಯಾರಿಗೂ ಬಿಟ್ಟುಕೊಡಲಿಲ್ಲ. ಮಳೆಗಾಲದಲ್ಲಿ ಕೆಂಪು ನೀರಿಗೆ ಪಟಿಕ, ಅಮಾವಾಸ್ಯೆಗೊಮ್ಮೆ ಒಳಗಿನ ಕೊಳವೆಗಳಿಗೆ ಹುಣಸೆಹುಳಿಯ ನೀರು ಬಿಟ್ಟು ಸುಣ್ಣದ ಹೆಕ್ಕಳಿಕೆ ತೆಗೆಯುವುದು, ಬೆನ್ನಿನ ಜಾಳಿಗೆಯಲ್ಲಿ ಸಿಕ್ಕ ಧೂಳನ್ನು ಕೋಳಿಪುಕ್ಕದಿಂದ ಒರೆಸುವುದು, ದಿನಾ ಒಮ್ಮೆ ಅಂಗೈ ಹಚ್ಚಿ ಜ್ವರ ನೋಡುವುದು. ಅದರ ಬೆನ್ನಿನ ಹಿಂದೆ ಯಾರಾದರೂ ಬಲೆ ಇಟ್ಟರೆ ಸಾಕು, "ಉಸಿರು ಬಿಡಾಕ ಜಾಗಾ ಬಿಡ್ರೋ ಅದಕ್ಕ!" ಎಂದು ದಂಡೆಯಿಂದಲೇ ಕಿರುಚುತ್ತಿದ್ದ.

ಕಾಕಾ ತೀರಿಕೊಂಡದ್ದೂ ಬೇಸಿಗೆಯಲ್ಲೇ, ನಡುಮಧ್ಯಾಹ್ನ. ನಾನು ಮಗಳ ಬಾಣಂತನಕ್ಕೆಂದು ಬೀದರಿನಲ್ಲಿದ್ದೆ. ಸುದ್ದಿ ಬಂದಾಗ, ನಾನು ಬರುವ ತನಕ ಮಣ್ಣು ಮಾಡಬೇಡಿ ಎಂದು ಅಳುತ್ತ ಹೇಳಿದೆನಾದರೂ ಆ ಬಿಸಿಲಿನಲ್ಲಿ ಅದು ಆಗದ ಮಾತೆಂದು ನನಗೇ ಗೊತ್ತಿತ್ತು. ಮರುದಿನ ಊರ ಮುಂದೆ ಬಸ್ಸಿಳಿದರೆ ಅಳುವಿಗಿಂತ ಮೊದಲು ಕೇಳಿಸಿದ್ದು ದಂಡೆಯಿಂದ ದೋಣಿಯ ಎಂಜಿನ್ನಿನ ಸದ್ದು, ಡಬಡಬ ಡಬಡಬ. ನಿಂಗವ್ವ ಯಂತ್ರವನ್ನು ಹುಣಸೆನೀರಿನಿಂದ ತೊಳೆದು, ದೋಣಿಯನ್ನು ದಂಡೆಗೆ ಕಟ್ಟಿ, ಕಾಕಾನ ಉಸಿರು ನಿಂತಾಗಿನಿಂದ ಬರ್ಫು ಮಾಡಿಸುತ್ತಲೇ ಇದ್ದಳು. ಪಡಸಾಲೆಯಲ್ಲಿ ಕಾಕಾ ಮಲಗಿದ್ದ, ಮೆತ್ತನೆಯ ಬಿಳಿ ಚಕ್ಕೆಗಳ ಹಾಸಿಗೆಯ ಮೇಲೆ. ಸುತ್ತ ಹೊಟ್ಟಿನ ಚೀಲ, ಸಂದುಗೊಂದಿಗೆಲ್ಲ ಹೊಟ್ಟು, ಮೇಲೆ ಅದೇ ಕಂಬಳಿ. ಮುಖ ಹಾಗೇ ಇತ್ತು, ಈಗ ಎದ್ದು ಬೈಯುವ ಹಾಗೆ.

ನಾನು ಹೊಟ್ಟು ನೋಡಿದ್ದನ್ನು ನಿಂಗವ್ವ ನೋಡಿದಳು. "ಇದು ಕಾಯೋ ಬರ್ಫ್ ಅಕ್ಕಾ," ಎಂದಳು. "ಇಲ್ಲಿ ಹೊಟ್ಟು ಬೇಕು. ಅಪ್ಪ ಹೇಳಿದ್ದು ಖರೇನ ಇತ್ತು." ಹಾಗೆನ್ನುತ್ತ ಕಾಕಾನ ಮೀಸೆಯಲ್ಲಿ ಸಿಕ್ಕಿದ್ದ ಒಂದು ಹೊಟ್ಟನ್ನು ಎರಡು ಬೆರಳಿನಿಂದ ಮೆಲ್ಲಗೆ ತೆಗೆದಳು. ನಾನು ಆಗ ಅತ್ತೆ ನೋಡಿ, ಹಾಗೆ ನನ್ನಪ್ಪನಿಗೂ ಅತ್ತಿರಲಿಲ್ಲ.

ಸುಟ್ಟ ಬೆರಳನ್ನು ಬಾಯಿಂದ ತೆಗೆದು ಫ್ರಿಜ್ಜಿನ ಅಂಗಿ ಬಿಚ್ಚಿದೆ. ಟೊಪ್ಪಿಗೆ, ಕುಲಾಯಿ, ಎಲ್ಲವನ್ನೂ. ಗೋಡೆಯಿಂದ ಒಂದು ಗೇಣು ಮುಂದಕ್ಕೆಳೆದು, ಬೆನ್ನಿನ ಧೂಳು ಒರೆಸಿದೆ. "ಯಾಕ, ಅದಕ್ಕೂ ಶೆಕಿ ಆಗ್ಯಾದೇನು?" ಎಂದು ಯಜಮಾನರು ತಮ್ಮ ಬರಿಮೈ ಬೆನ್ನಿಗೆ ಬೀಸಣಿಕೆ ಬೀಸಿಕೊಳ್ಳುತ್ತ ಕೇಳಿದರು. ಹೌದ್ರಿ ಎಂದೆ. ಸಂಜೆಗೆ ತಟ್ಟೆಯ ನೀರು ಕಾಯಂ ಆಯಿತು. ಬರ್ಫನ್ನು ಬಟ್ಟಲಿಗೆ ಹಾಕಿ, ಕರಗದಿರಲೆಂದು ಆ ಗುಲಾಬಿ ಅಂಗಿಯನ್ನು ಬಟ್ಟಲಿಗೆ ಸುತ್ತಿ, ನಿಂಗವ್ವನಿಗೆ ಫೋನು ಹಚ್ಚಿದೆ. ಆಕೆಯ ದನಿಗಿಂತ ಮೊದಲು ಡಬಡಬ ಕೇಳಿಸಿತು.

"ಅಕ್ಕಾ, ನೀರಾಗ ಅದೀನಿ, ಬಲಿ ಎಳ್ಯಾಕತ್ತೀನಿ. ಆಮ್ಯಾಲ ಮಾತಾಡೂಣಂತ," ಎಂದು ಕೂಗಿ ಇಟ್ಟುಬಿಟ್ಟಳು.

ಅಂಗಿ ಸರಿಸಿ ನೋಡಿದೆ. ಬರ್ಫು ಹಾಗೇ ಇತ್ತು.